ಬಾಡಿಗೆಯ ಗಂಟೆಯ ರಾಜಕುಮಾರ

ಸುಲ್ತಾನನು ಯುದ್ಧಕ್ಕೆಂದು ದೂರದೇಶಕ್ಕೆ ತೆರಳಿದ ಸಮಯವನ್ನು ಸಾಧಿಸಿಕೊಂಡು, ತನ್ನನ್ನು ವರಿಸಬೇಕು ಇಲ್ಲವೇ ಸಾಯಬೇಕೆಂದು ರಾಜಕುಮಾರಿಗೆ ಒಂದು ಗಂಟೆಯ ಗಡುವನ್ನು ವಿಧಿಸಿದ ಮಂತ್ರಿ ಜಾಫರನ ಕೈಯಿಂದ ಆಕೆಯನ್ನು ಬಿಡಿಸಲು, ಸೆರೆಮನೆಯ ತಳದಿಂದ ಹೊರಟು 12 ಹಂತಗಳನ್ನು ದಾಟಬೇಕಾದ ತರುಣನ ಸಾಹಸವೇ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಕಂಪ್ಯೂಟರ್ ಆಟ. ತೊಂಬತ್ತರ ದಶಕದ ರಾಜಾಜಿನಗರದ ಹುಡುಗರಾದ ನಮಗೆ ಆ 60 ನಿಮಿಷಗಳ ಗಡುವಿನಲ್ಲಿ ಕಲ್ಪಿತವಾದುದೇನೂ ಕಾಣುತ್ತಿರಲಿಲ್ಲ. ಕಂಪ್ಯೂಟರ್ ಸೆಂಟರಿನಲ್ಲಿ ನಮ್ಮ ದುಡ್ಡಿಗೆ ದೊರೆಯುತ್ತಿದ್ದುದೂ ಒಂದೇ ಗಂಟೆ.

ನವರಂಗ್ ಚಿತ್ರಮಂದಿರದಿಂದ ಅನತಿದೂರದಲ್ಲಿ, ಮನೆಯೊಂದರ ಮಹಡಿಯ ಮೇಲಿದ್ದ ಆ ಸೆಂಟರಿನಲ್ಲಿ ಹಗಲೆಲ್ಲ ಡಾಸ್, ವರ್ಡ್‌ಸ್ಟಾರ್‌ಗಳ ಪಾಠ ನಡೆಯುತ್ತಿತ್ತು. ಧೂಳು ಯಂತ್ರಕ್ಕೆ ಆಗದೆಂದು ಚಪ್ಪಲಿಗಳನ್ನು ಮೆಟ್ಟಿಲ ಬಳಿಯೇ ಬಿಟ್ಟು, ಎ.ಸಿ.ಯ ತಂಪಿಗೆ ಅಂಗಾಲು ಜುಮ್ಮೆನ್ನುತ್ತಿರಲು ಒಳಹೊಕ್ಕರೆ, ಯಂತ್ರ ಒಂದು, ಹುಡುಗರು ಐವರು. ಒಬ್ಬನಿಗೆ ಬಾಣದ ಗುರುತಿನ ಕೀಲಿಗಳು, ಮತ್ತೊಬ್ಬನಿಗೆ ಶಿಫ್ಟ್. ಉಳಿದ ಮೂವರಿಗೆ ಉಪದೇಶ. ಶಿಫ್ಟ್ ಒತ್ತಿಹಿಡಿದರೆ ರಾಜಕುಮಾರನು ಅಂಚಿಗೆ ಜೋತುಬೀಳುವನು, ಮೊಳೆಗಳ ನಡುವೆಯೂ ಮೆಲ್ಲನೆ ಹೆಜ್ಜೆಯಿಡುವನು, ಬಿಟ್ಟರೆ ಪಾತಾಳ. “ಲೋ, ಶಿಫ್ಟ್ ಬಿಡಬೇಡ್ವೋ!” ಎಂಬ ಕೂಗಿಗೆ ಪಾಠದ ಕೋಣೆಯ ದೊಡ್ಡವರು ತಿರುಗಿ ನೋಡುತ್ತಿದ್ದರು.

ಅಷ್ಟು ಸಲ ಬಿದ್ದು ಸತ್ತರೂ ಆ ಪುಟ್ಟ ಆಕೃತಿಯ ಮೇಲೆ ನಮಗೆ ಬೇಸರ ಹುಟ್ಟದಿದ್ದುದಕ್ಕೆ ಕಾರಣ ಅವನ ದೇಹಕ್ಕಿದ್ದ ಭಾರವೆಂದು ನನ್ನ ಎಣಿಕೆ. ಓಡುವವನು ಥಟ್ಟನೆ ನಿಲ್ಲಲಾರ. ನೆಗೆಯುವ ಮೊದಲು ಮೈಯನ್ನು ಕುಗ್ಗಿಸುವನು. ಅಮೆರಿಕೆಯ ಜೋರ್ಡನ್ ಮೆಕ್ನರ್ ಎಂಬ ತರುಣನು 1989ರಲ್ಲಿ ಹೊರಬಂದ ಈ ಆಟವನ್ನು ಆಪಲ್ 2 ಗಣಕಕ್ಕಾಗಿ ರಚಿಸುವಾಗ, ಬಿಳಿಯ ಉಡುಪು ತೊಟ್ಟ ತನ್ನ ತಮ್ಮನನ್ನು ಓಡಿಸಿ, ನೆಗೆಯಿಸಿ, ವಿಡಿಯೊ ಹಿಡಿದು, ಆ ಚಲನೆಯನ್ನು ಭಂಗಿ ಭಂಗಿಯಾಗಿ ಚಿತ್ರಿಸಿಕೊಂಡನಂತೆ. ಕತ್ತಿವರಸೆಗೆ ಮಾದರಿ 1938ರ ರಾಬಿನ್ ಹುಡ್ ಚಲನಚಿತ್ರ. ಸಂಗೀತ ಅವನ ತಂದೆಯದು. ಮರುವರ್ಷ ಡಾಸ್ ಯಂತ್ರಗಳಿಗೆ ಬಂದು, ಫ್ಲಾಪಿಯಿಂದ ಫ್ಲಾಪಿಗೆ ಇಳಿದು, ಕೈಪಿಡಿಯಿಲ್ಲದೆ ನಮ್ಮನ್ನು ಮುಟ್ಟಿದ ಈ ಆಟ ಹೀಗೆ ಒಂದು ಮನೆಯವರ ಕೈಕೆಲಸವಾಗಿತ್ತು.

ನಾಲ್ಕನೆಯ ಹಂತದಲ್ಲಿ ದಾರಿಗೆ ಅಡ್ಡವಾಗಿ ನಿಂತ ಕನ್ನಡಿಯನ್ನು ಓಡಿಬಂದು ಹಾರಿ ಭೇದಿಸಿದಾಗ, ರಾಜಕುಮಾರನ ಛಾಯೆಯು ಅವನಿಂದ ಬೇರ್ಪಟ್ಟು ಹೊರಟುಹೋಗುತ್ತದೆ. ಐದನೆಯದರಲ್ಲಿ ನಾವು ಆಸೆಪಟ್ಟ ಮದ್ದನ್ನು ಕುಡಿದು ಮಾಯವಾಗುತ್ತದೆ. ಆರನೆಯದರಲ್ಲಿ ಬಾಗಿಲು ಮುಚ್ಚಿಸಿ ನಮ್ಮನ್ನು ಪ್ರಪಾತಕ್ಕೆ ಬೀಳಿಸುತ್ತದೆ. ಇದರ ಜನ್ಮಕಥೆಯನ್ನು ಬಹುಕಾಲದ ಮೇಲೆ ಓದಿ ಚಕಿತನಾದೆ. ಹೊಸ ಶತ್ರುವೊಬ್ಬನ ಚಿತ್ರಗಳನ್ನು ತುಂಬಲು ಗಣಕದ ಸ್ಮರಣೆಯಲ್ಲಿ ಸ್ಥಳವಿಲ್ಲದ್ದರಿಂದ, ಮೆಕ್ನರ್ ನಾಯಕನ ಚಿತ್ರಗಳನ್ನೇ ತುಸು ಮಾರ್ಪಡಿಸಿ ಈ ಛಾಯಾಪುರುಷನನ್ನು ನಿರ್ಮಿಸಿದನು. ಬಡತನದಲ್ಲಿ ಹುಟ್ಟಿದ ಈ ಪಾತ್ರವೇ ಆಟದ ಅತ್ಯುತ್ತಮ ಪಾತ್ರವೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಕೊನೆಯ ಹಂತದಲ್ಲಿ ಆ ಛಾಯೆ ಕತ್ತಿ ಹಿರಿದು ಎದುರಾಗುತ್ತದೆ. ನಾವು ಅದನ್ನು ಹೊಡೆದಾಗ ಪರದೆಯ ಕೆಳಗಿದ್ದ ನಮ್ಮದೇ ಆಯುಷ್ಯದ ಕೆಂಪು ತ್ರಿಕೋನವೊಂದು ಇಲ್ಲವಾಗುತ್ತಿತ್ತು. ಇದೇನೆಂದು ವಾರಗಟ್ಟಲೆ ಚರ್ಚೆ ನಡೆಯಿತು. ವಿಜಯನಗರದಲ್ಲಿ ಯಾರೋ ಗೆದ್ದಿರುವರೆಂಬ ವದಂತಿ ಬಂದಿತೇ ಹೊರತು ಉಪಾಯ ಬರಲಿಲ್ಲ. ಅಂತೂ ಬಸವೇಶ್ವರನಗರದ ಸೋದರಮಾವನ ಮನೆಗೆ ಹೋಗಿಬಂದ ಗೆಳೆಯನೊಬ್ಬನು, “ಹೊಡೀಬಾರ್ದಂತೆ ಕಣ್ರೋ, ಕತ್ತಿ ಒಳಗಿಡ್ಬೇಕಂತೆ” ಎಂದು ಸುದ್ದಿ ತಂದನು. ಉಳಿಸಿಟ್ಟಿದ್ದ ಆಟವನ್ನು ತೆರೆದು, ಆ ಸ್ಥಳಕ್ಕೆ ಮರಳಿ, ಅನುಮಾನದಿಂದಲೇ ಕೆಳಬಾಣವನ್ನೊತ್ತಿದೆವು. ಛಾಯೆಯೂ ಕತ್ತಿಯನ್ನಿಳಿಸಿತು. ಇಬ್ಬರೂ ಎದುರೆದುರು ಓಡಿ ಒಂದಾದರು. ಮುಂದಿನ ಶೂನ್ಯದೊಳಕ್ಕೆ ಓಡಿದರೆ ಹೆಜ್ಜೆಯಿಟ್ಟಲ್ಲೆಲ್ಲ ಚಪ್ಪಡಿ ಮೂಡತೊಡಗಿತು.

“ಟೈಮಾಯ್ತು, ಏಳ್ರಪ್ಪಾ” ಎನ್ನುತ್ತ ಬಂದ ಸೆಂಟರಿನ ಮೇಷ್ಟ್ರು ಜಾಫರನನ್ನು ಕಂಡು ಅಲ್ಲೇ ಸ್ಟೂಲೆಳೆದು ಕುಳಿತರು. ಹೆಚ್ಚುವರಿ ಅರ್ಧ ಗಂಟೆಯ ದುಡ್ಡನ್ನು ಮಾತ್ರ ಮರುದಿನ ಮರೆಯದೆ ವಸೂಲು ಮಾಡಿದರು.