ದೈತ್ಯ ಮೊಲ: ತರುವ ಮುನ್ನ ಯೋಚಿಸಿ

ಮೊಲವೆಂದರೆ ಮಡಿಲಲ್ಲಿ ಹಿಡಿಸುವ ಪುಟ್ಟ ಪ್ರಾಣಿ ಎಂಬುದು ನಮ್ಮ ಕಲ್ಪನೆ. ಆದರೆ ‘ಫ್ಲೆಮಿಶ್ ಜಯಂಟ್’ ಎಂಬ ಸಾಕು ಮೊಲದ ತೂಕ 6 ಕಿಲೋಗಿಂತಲೂ ಹೆಚ್ಚು. ಇದರ ತವರು ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶ. ಮಾಂಸ ಮತ್ತು ತುಪ್ಪಳಕ್ಕಾಗಿ ದೊಡ್ಡ ಮೊಲಗಳನ್ನೇ ಆರಿಸಿ ಮರಿ ಮಾಡಿಸುತ್ತಾ ಬಂದುದರಿಂದ ಈ ತಳಿ ರೂಪುಗೊಂಡಿತು. ಇದೇ ಬಳಗಕ್ಕೆ ಸೇರಿದ ಇಂಗ್ಲೆಂಡಿನ ಡೇರಿಯಸ್ ಎಂಬ ಮೊಲ 2010ರಲ್ಲಿ 129 ಸೆಂಟಿಮೀಟರ್ ಉದ್ದವಿದ್ದು ಗಿನ್ನೆಸ್ ದಾಖಲೆಗೆ ಸೇರಿತು. ಎಂಟು ವರ್ಷದ ಮಗುವಿನ ಎತ್ತರದಷ್ಟು!

ಇಂಥ ಪ್ರಾಣಿಯಿಂದ ಜನರ ಹಸಿವು ನೀಗದೇ? ಆಹಾರದ ಕೊರತೆಯಿಂದ ಬಳಲುತ್ತಿದ್ದ ಉತ್ತರ ಕೊರಿಯಾ ಹೀಗೆಯೇ ಯೋಚಿಸಿ, 2006-07ರಲ್ಲಿ ಜರ್ಮನಿಯ ಮೊಲ ಸಾಕಣೆಗಾರ ಕಾರ್ಲ್ ಸ್ಮೋಲಿನ್ಸ್ಕಿಯವರಿಂದ 12 ದೈತ್ಯ ಮೊಲಗಳನ್ನು ತರಿಸಿಕೊಂಡಿತು. ಸಾಕುವ ಕ್ರಮ ತಿಳಿಸಲು ಅವರು ಅಲ್ಲಿಗೆ ಹೋಗಬೇಕಿದ್ದ ಪ್ರಯಾಣ ರದ್ದಾಯಿತು. ಮೊಲಗಳು ಔತಣದ ತಟ್ಟೆ ಸೇರಿರಬೇಕೆಂದು ಅವರು ಸಂಶಯಪಟ್ಟರು. ಕೊರಿಯಾದವರು ಅದನ್ನು ನಿರಾಕರಿಸಿದರು. ಅದೇನೇ ಇರಲಿ, ದೊಡ್ಡ ಮೈ ಬೆಳೆಯಲು ದಿನಗಳೂ ಹೆಚ್ಚು, ಮೇವೂ ಹೆಚ್ಚು ಬೇಕು. ಆದ್ದರಿಂದಲೇ ಮಾಂಸಕ್ಕಾಗಿ ಸಾಕುವವರು ಬೇಗ ಬೆಳೆಯುವ, ಮಧ್ಯಮ ಗಾತ್ರದ ‘ನ್ಯೂಜಿಲೆಂಡ್ ವೈಟ್’ನಂತಹ ತಳಿಗಳನ್ನು ಆರಿಸುತ್ತಾರೆ.

ಇನ್ನು ಮಕ್ಕಳ ಹಟಕ್ಕೆ ಮೊಲ ತರುವವರ ವಿಷಯ. ದೈತ್ಯ ಮೊಲ ಸೌಮ್ಯ ಸ್ವಭಾವದ್ದು ನಿಜ. ಆದರೆ ತಂತಿ ಬಲೆಯ ನೆಲದ ಮೇಲೆ ನಿಂತರೆ ಅದರ ಭಾರಕ್ಕೆ ಪಾದಗಳು ಹುಣ್ಣಾಗುತ್ತವೆ. ಹಲಗೆ ಹಾಸಿ, ಒಣಹುಲ್ಲು ಹರಡಬೇಕು. ಹಲ್ಲು ಸದಾ ಬೆಳೆಯುತ್ತಲೇ ಇರುವುದರಿಂದ ಜಗಿಯಲು ಹುಲ್ಲು ಯಾವಾಗಲೂ ಇರಬೇಕು. ಅನ್ನ, ಬಿಸ್ಕತ್ತು ಬೇಡ. ಮೊಲಕ್ಕೆ ನಮ್ಮಂತೆ ಬೆವರಿ ಮೈ ತಂಪಾಗಿಸಿಕೊಳ್ಳಲು ಆಗುವುದಿಲ್ಲ. ನಮ್ಮ ಕರಾವಳಿಯ ಬೇಸಿಗೆಯ ಸೆಕೆ ಅದರ ಪ್ರಾಣಕ್ಕೇ ಕುತ್ತು ತರಬಹುದು. ಕಿವಿ ಹಿಡಿದು ಎತ್ತುವುದಂತೂ ಹಿಂಸೆ. ಒಂದು ಕೈ ಎದೆಯಡಿ, ಇನ್ನೊಂದು ಕೈ ಹಿಂಭಾಗದಡಿ ಕೊಟ್ಟು ಎತ್ತಬೇಕು. ಹೆದರಿ ಒದ್ದಾಡಿದರೆ ಬೆನ್ನುಮೂಳೆಯೇ ಮುರಿಯಬಹುದು.

ಬೆಕ್ಕೊಂದನ್ನು ಕೂಡಿಹಾಕಿ, ಆಹಾರ ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ನಮ್ಮ ಗೂಡಿನಲ್ಲಿರುವ ಮೂಕ ಜೀವಿ ಆಟಿಕೆಯಲ್ಲ, ಅಲ್ಲಾಹನು ನಮಗೊಪ್ಪಿಸಿದ ಅಮಾನತು. ಅದರ ಹೊಟ್ಟೆ, ನೆರಳು, ನೆಮ್ಮದಿಯ ಬಗ್ಗೆ ನಮ್ಮಲ್ಲಿ ವಿಚಾರಣೆಯಿದೆ. ಮೊಲ ಬೇಕೆನ್ನುವ ಮಗುವಿಗೆ ದಿನವೂ ಅದರ ನೀರಿನ ಬಟ್ಟಲು ತೊಳೆದು ತುಂಬುವುದನ್ನೂ ಕಲಿಸೋಣ. ಅಷ್ಟು ಮಾಡಲಾಗದಿದ್ದರೆ, ತಾಯಂದಿರೇ, ಮೊಲ ತರದಿರುವುದೇ ಅದಕ್ಕೆ ತೋರುವ ಕರುಣೆ.