ತಗಡಿನ ಪೆಟ್ಟಿಗೆ: ಮಡಿಸುವ ಮೊದಲು ಬಿಡಿಸಿ ನೋಡುವ ಕ್ರಮ

ಕೊಳವೆ ಬಾವಿಯ ಸ್ಟಾರ್ಟರ್ ಪೆಟ್ಟಿಗೆ, ಬೀದಿದೀಪದ ಸ್ವಿಚ್ ಪೆಟ್ಟಿಗೆ, ಕಸದ ಡಬ್ಬಿ, ತೊಟ್ಟಿಯ ಮುಚ್ಚಳ ಮುಂತಾದ ತಗಡಿನ ಸಾಮಗ್ರಿಗಳನ್ನು ಗ್ರಾಮ ಪಂಚಾಯಿತಿಗಳು ಆಗಾಗ್ಗೆ ಮಾಡಿಸುತ್ತವೆ. ದರಪಟ್ಟಿಯಲ್ಲಿ ಉದ್ದ, ಅಗಲ, ಆಳಗಳಷ್ಟೇ ಇದ್ದರೆ ಎಷ್ಟು ತಗಡು ಬೇಕು, ತೂಕ ಎಷ್ಟಿರಬೇಕು ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಸುವುದು ಪೆಟ್ಟಿಗೆಯನ್ನು ಬಿಡಿಸಿ ಹಾಸಿದಂತೆ ತೋರಿಸುವ ಚಪ್ಪಟೆ ನಕ್ಷೆ.

ನಕ್ಷೆ ಸಿದ್ಧವಾಗುವ ಬಗೆ

ಈ ನಕ್ಷೆಯನ್ನು ಕ್ಯಾಡ್ ತಂತ್ರಾಂಶದಲ್ಲಿ ಸಿದ್ಧಪಡಿಸಲಾಗುತ್ತದೆ. ಫ್ರೀಕ್ಯಾಡ್ ಉಚಿತ ತಂತ್ರಾಂಶ. ಅದಕ್ಕೆ ಶೀಟ್‌ಮೆಟಲ್ ಎಂಬ ಪೂರಕ ವಿಭಾಗವನ್ನು ಸೇರಿಸಿಕೊಳ್ಳಬೇಕು. ಮೊದಲು ತಳವನ್ನು ಬರೆದು ತಗಡಿನ ದಪ್ಪವನ್ನು ನಮೂದಿಸಬೇಕು. ಬಳಿಕ ತಳದ ಅಂಚುಗಳನ್ನು ಆಯ್ದು ಗೋಡೆಗಳನ್ನು ಎಬ್ಬಿಸಿ, ಮಡಿಕೆಯ ಕೋನ ಮತ್ತು ಒಳತ್ರಿಜ್ಯವನ್ನು ಕೊಡಬೇಕು. ಕೊನೆಗೆ ‘ಅನ್‌ಫೋಲ್ಡ್’ ಆದೇಶವು ಪೆಟ್ಟಿಗೆಯನ್ನು ಬಿಡಿಸಿ ತೋರಿಸುತ್ತದೆ.

ಮಡಿಕೆಯ ಲೆಕ್ಕ

ತಗಡು ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಇವೆರಡರ ನಡುವೆ ಹಿಗ್ಗದೆ ಕುಗ್ಗದೆ ಉಳಿಯುವ ಪದರವಿದೆ. ಒಳಮೈಯಿಂದ ಆ ಪದರಕ್ಕಿರುವ ದೂರವನ್ನು ತಗಡಿನ ದಪ್ಪದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕೆ-ಫ್ಯಾಕ್ಟರ್.

ಹೊರ ಅಳತೆಯಲ್ಲಿ 400 ಮಿ.ಮೀ. ಉದ್ದ, 300 ಮಿ.ಮೀ. ಅಗಲ, 150 ಮಿ.ಮೀ. ಆಳದ, ಮುಂಬದಿ ತೆರೆದ ಉಕ್ಕಿನ ಪೆಟ್ಟಿಗೆಯನ್ನು ಉದಾಹರಣೆಯಾಗಿ ನೋಡಬಹುದು. ದಪ್ಪ 2 ಮಿ.ಮೀ., ಒಳತ್ರಿಜ್ಯ 2 ಮಿ.ಮೀ., ಕೆ-ಫ್ಯಾಕ್ಟರ್ 0.44 ಆದರೆ 90 ಡಿಗ್ರಿಯ ಪ್ರತಿ ಮಡಿಕೆಗೆ ಸುಮಾರು 3.5 ಮಿ.ಮೀ. ಕಳೆಯಬೇಕು. ಅಗಲದ ದಿಕ್ಕಿನಲ್ಲಿ 150, 300, 150 ಕೂಡಿದರೆ 600. ಎರಡು ಮಡಿಕೆಗಳನ್ನು ಕಳೆದರೆ 593 ಮಿ.ಮೀ. ಉದ್ದದ ದಿಕ್ಕಿನಲ್ಲಿ 693 ಮಿ.ಮೀ. ಕಳೆಯದೆ ಕತ್ತರಿಸಿದರೆ ಗೋಡೆಗಳು ಎತ್ತರವಾಗಿ, ಮುಚ್ಚಳದ ರಂಧ್ರಗಳು ಹೊಂದಿಕೆಯಾಗುವುದಿಲ್ಲ. ಯಂತ್ರಕ್ಕೂ ಲೋಹಕ್ಕೂ ತಕ್ಕಂತೆ ಕೆ-ಫ್ಯಾಕ್ಟರ್ ಬದಲಾಗುವುದರಿಂದ ತಯಾರಕರು ಮೊದಲು ಒಂದು ಚೂರನ್ನು ಬಾಗಿಸಿ ಅಳೆಯುವುದು ಸೂಕ್ತ.

ಹತ್ತು ಮಿಲಿಮೀಟರಿನ ಬೆಲೆ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾಳೆ ಸುಮಾರು 2440 ಮಿ.ಮೀ. ಉದ್ದ, 1220 ಮಿ.ಮೀ. ಅಗಲವಿರುತ್ತದೆ. ಅದರಲ್ಲಿ ಮೇಲಿನ ಅಳತೆಯ ಆರು ತುಂಡುಗಳು ಹಿಡಿಯುತ್ತವೆ. ಪೆಟ್ಟಿಗೆಯ ಆಳವನ್ನು 160 ಮಿ.ಮೀ.ಗೆ ಏರಿಸಿದರೆ ತುಂಡಿನ ಅಗಲ 613 ಮಿ.ಮೀ. ಆಗುತ್ತದೆ. ಎರಡು ತುಂಡುಗಳಿಗೆ 1226 ಮಿ.ಮೀ. ಬೇಕಾಗಿ, ಹಾಳೆಯ ಅಗಲ ಸಾಲದೆ ಮೂರು ತುಂಡುಗಳು ಮಾತ್ರ ದೊರೆಯುತ್ತವೆ. ಹತ್ತು ಮಿಲಿಮೀಟರಿನ ವ್ಯತ್ಯಾಸದಿಂದ ಪ್ರತಿ ಪೆಟ್ಟಿಗೆಗೆ ತಗಲುವ ಹಾಳೆ ಇಮ್ಮಡಿಯಾಗುತ್ತದೆ. ಮಡಿಸುವ ಮೊದಲೇ ನಕ್ಷೆಯನ್ನು ನೋಡಿದರೆ ಈ ವೆಚ್ಚವನ್ನು ತಪ್ಪಿಸಬಹುದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ದರಪಟ್ಟಿಯೊಂದಿಗೆ ಚಪ್ಪಟೆ ನಕ್ಷೆಯನ್ನು ಕೇಳಿ ಪಡೆಯುವುದು. ಅದರಲ್ಲಿ ತಗಡಿನ ದಪ್ಪ, ಮಡಿಕೆಯ ಗೆರೆಗಳು ಮತ್ತು ರಂಧ್ರಗಳ ಅಳತೆ ನಮೂದಾಗಿರಬೇಕು.

2. ಒಂದು ಹಾಳೆಯಲ್ಲಿ ಎಷ್ಟು ತುಂಡುಗಳು ಬರುತ್ತವೆ ಎಂದು ವಿಚಾರಿಸುವುದು. ಅಳತೆಯಲ್ಲಿ ಅಲ್ಪ ಬದಲಾವಣೆ ಸಾಧ್ಯವೇ ಎಂದು ಅಭಿಯಂತರರೊಂದಿಗೆ ಚರ್ಚಿಸುವುದು.

3. ಸಾಮಗ್ರಿ ಬಂದಾಗ ತೂಗಿ ನೋಡುವುದು. 2 ಮಿ.ಮೀ. ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 15.7 ಕಿ.ಗ್ರಾಂ. ತೂಗುತ್ತದೆ. ನಾಲ್ಕು ಮೂಲೆಗಳನ್ನು ಕತ್ತರಿಸಿ ತೆಗೆದ ಬಳಿಕ ಮೊದಲಿನ ಅಳತೆಯ ಪೆಟ್ಟಿಗೆ, ಮುಚ್ಚಳವನ್ನು ಬಿಟ್ಟು, ಸುಮಾರು 5 ಕಿ.ಗ್ರಾಂ. ಇರಬೇಕು. 4 ಕಿ.ಗ್ರಾಂ. ಆಸುಪಾಸಿನಲ್ಲಿದ್ದರೆ 1.6 ಮಿ.ಮೀ. ತಗಡನ್ನು ಬಳಸಿರುವ ಸಾಧ್ಯತೆಯಿದೆ. ಬಿಲ್ಲು ಪಾವತಿಗೆ ಮುನ್ನ ದಪ್ಪವನ್ನು ಅಳೆಯಿಸುವುದು.

ತಂತ್ರಾಂಶವನ್ನು ಬಳಸಲು ಸದಸ್ಯರೆಲ್ಲರೂ ಕಲಿಯಬೇಕಾಗಿಲ್ಲ. ನಕ್ಷೆಯನ್ನು ಓದಿ ತಕ್ಕಡಿಯೊಂದಿಗೆ ಹೋಲಿಸಿ ನೋಡಿದರೂ ಪಂಚಾಯಿತಿಯ ಹಣಕ್ಕೆ ತಕ್ಕ ವಸ್ತು ಬಂದಿದೆಯೇ ಎಂಬುದು ತಿಳಿಯುತ್ತದೆ.