ಉಗುರುಸುತ್ತು ಮತ್ತು ಒಳಹೊಕ್ಕ ಉಗುರು

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಕಡೆ ರಾಗಿಹೊಲದಲ್ಲಿಯೋ ಹಿಪ್ಪುನೇರಳೆ ತೋಟದಲ್ಲಿಯೋ ದುಡಿಯುವವನಿಗಾಗಲಿ, ಕಾಲೇಜಿಗೆ ಹೋಗುವ ಅವನ ಮಗನಿಗಾಗಲಿ, ಬೆರಳ ತುದಿ ಬಾತು ಕೀವಾಯಿತೆಂದರೆ ಎಲ್ಲಕ್ಕೂ ‘ಉಗುರುಸುತ್ತು’ ಎಂಬ ಒಂದೇ ಹೆಸರು. ನಾಡಿನ ಉಳಿದೆಡೆಯಲ್ಲಿಯೂ ಹೀಗೆಯೇ. ಈ ಮಾತು ನೋವಿನ ಸ್ಥಾನವನ್ನು ಸೂಚಿಸುತ್ತದೆಯೇ ಹೊರತು ಕಾರಣವನ್ನಲ್ಲ. ಕಾರಣಗಳನ್ನು ಬೇರ್ಪಡಿಸದೆ ಮಾಡುವ ಚಿಕಿತ್ಸೆ ಬಹುಪಾಲು ವ್ಯರ್ಥವೆಂಬುದನ್ನು ಇಲ್ಲಿ ತೋರಿಸಲೆಳಸಿದ್ದೇವೆ.

ಕೈಬೆರಳಿನ ಉಗುರುಸುತ್ತು ಸಾಮಾನ್ಯವಾಗಿ ಸೋಂಕು. ಉಗುರಂಚಿನ ಚರ್ಮ ಸೀಳಿದೆಡೆ ರೋಗಾಣುಗಳು ಹೊಕ್ಕು ಕೀವುಗಟ್ಟುತ್ತವೆ. ನಿಂಬೆಹಣ್ಣನ್ನು ಕೊರೆದು ಬೆರಳಿಗೆ ತೊಡಿಸುವ ಮನೆಮದ್ದು ಇಂಥ ಬೆರಳಿನದು. ಕಾಲಿನ ಹೆಬ್ಬೆರಳಿನ ಸಂಗತಿ ಹೆಚ್ಚಾಗಿ ಬೇರೆ. ಅಲ್ಲಿ ಉಗುರಿನ ಅಂಚೇ ಮುಳ್ಳಿನಂತೆ ಪಕ್ಕದ ಮಾಂಸವನ್ನು ಚುಚ್ಚುತ್ತದೆ. ಸೋಂಕು ತರುವಾಯ ಬಂದು ಸೇರಿಕೊಳ್ಳುತ್ತದೆ. ಆ ಮುಳ್ಳು ಒಳಗಿರುವವರೆಗೆ ಅರಿಸಿನವೂ ಫಲಿಸದು, ಆಂಟಿಬಯಾಟಿಕ್ ಗುಳಿಗೆಯೂ ಫಲಿಸದು.

ಉಗುರು ಒಳಹೊಗುವುದಕ್ಕೆ ಬಿಗಿಯಾದ ಷೂ, ಪೆಟ್ಟು, ಬೆವರು ಮೊದಲಾದ ಕಾರಣಗಳುಂಟು. ಆದರೆ ಬಹುಮಂದಿ ತಮ್ಮ ಕೈಯಾರೆ ತಂದುಕೊಳ್ಳುವ ಕಾರಣವೆಂದರೆ ಉಗುರಿನ ಮೂಲೆಯನ್ನು ದುಂಡಗೆ, ಆಳವಾಗಿ ಕತ್ತರಿಸುವುದು. ನೋವು ಬಂದಾಗ ಮತ್ತಷ್ಟು ಆಳಕ್ಕೆ ಕತ್ತರಿಸುತ್ತಾರೆ. ಎರಡು ದಿನ ಹಾಯೆನಿಸುತ್ತದೆ, ನಿಜ. ಒಳಗುಳಿದ ಚೂಪು ಮಾತ್ರ ಬೆಳೆಯುತ್ತಲೇ ಇರುತ್ತದೆ.

1937ರಲ್ಲಿ ಹೈಫೆಟ್ಸ್ ಎಂಬ ವೈದ್ಯರು ಈ ವ್ಯಾಧಿಯಲ್ಲಿ ಮೂರು ಹಂತಗಳನ್ನು ಗುರುತಿಸಿದರು: ಕೆಂಪೇರಿ ನೋಯುವುದು, ಕೀವು ಸುರಿಯುವುದು, ಪಕ್ಕದಲ್ಲಿ ಕೆಂಪು ಮಾಂಸ ಬೆಳೆದು ಉಗುರನ್ನು ಮುಚ್ಚುವುದು. ಮೊದಲನೆಯದರಲ್ಲಿ ದಿನಕ್ಕೆ ಎರಡು ಮೂರು ಬಾರಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲನ್ನು ನೆನೆಯಿಸಿ, ಅಂಚಿನಡಿ ಹತ್ತಿಯ ಎಳೆಯನ್ನು ಮೆಲ್ಲಗೆ ಸೇರಿಸಿ, ಸಡಿಲವಾದ ಪಾದರಕ್ಷೆ ತೊಟ್ಟರೆ ಅನೇಕ ವೇಳೆ ಸಾಕು. ಉಗುರನ್ನು ನೇರವಾಗಿ ಕತ್ತರಿಸಿ ಮೂಲೆಗಳನ್ನು ಹಾಗೆಯೇ ಬಿಡಬೇಕು. ಮುಂದಿನ ಹಂತಗಳಿಗೆ ವೈದ್ಯರೇ ಬೇಕು.

ಇಡೀ ಉಗುರನ್ನು ಕಿತ್ತರೆ ಪೀಡೆ ತೊಲಗಿತೆಂಬ ನಂಬಿಕೆ ಇನ್ನೂ ಇದೆ. ಬೇರು ಉಳಿದಿರುವುದರಿಂದ ಹನ್ನೆರಡರಿಂದ ಹದಿನೆಂಟು ತಿಂಗಳೊಳಗೆ ಹೊಸ ಉಗುರು ಪೂರ್ತಿ ಬೆಳೆಯುತ್ತದೆ. ಅನೇಕರಲ್ಲಿ ಹಳೆಯ ತೊಂದರೆಯೂ ಮರಳುತ್ತದೆ. ಬೆರಳಿಗೆ ಮಾತ್ರ ಅರಿವಳಿಕೆ ಕೊಟ್ಟು, ಚುಚ್ಚುವ ಅಂಚಿನ ಪಟ್ಟಿಯನ್ನಷ್ಟೇ ತೆಗೆದು, ಅದರ ಬೇರನ್ನು ಫೀನಾಲಿನಿಂದ ಸುಡುವ ವಿಧಾನವನ್ನು 1945ರಲ್ಲಿ ಬೋಲ್ ವಿವರಿಸಿದರು. ಮರುಕಳಿಸುವುದು ಇದರಲ್ಲಿ ಬಹಳ ಕಡಮೆ.

ಸಿಹಿಮೂತ್ರ ರೋಗಿಗಳ ವಿಷಯ ಬೇರೆ. ಅವರ ಪಾದದಲ್ಲಿ ಸ್ಪರ್ಶಜ್ಞಾನವೂ ರಕ್ತಸಂಚಾರವೂ ಕುಗ್ಗಿರಬಹುದು. ನೋವೇ ಇಲ್ಲದೆ ವ್ರಣ ಎಲುಬಿನವರೆಗೆ ಇಳಿಯಬಹುದು. ಅಂಥವರು ಮನೆಯಲ್ಲಿ ಬ್ಲೇಡು ಹಿಡಿಯದೆ, ಉಗುರಂಚು ಕೆಂಪಾದ ದಿನವೇ ವೈದ್ಯರಿಗೆ ತೋರಿಸತಕ್ಕದ್ದು.